ನೇತ್ರಾಣಿಯ ಸ್ಕೂಬಾ: ಬೆನ್ನ ಮೇಲಿರುವುದು ಆಕ್ಸಿಜನ್ ಅಲ್ಲ, ಹೆದರಬೇಕಾದದ್ದು ಶಾರ್ಕ್‌ಗೂ ಅಲ್ಲ

ಮಳೆಗಾಲ ಮುಗಿದು ದಸರಾ ರಜೆ ಹತ್ತಿರ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಮುರುಡೇಶ್ವರದ ಸುದ್ದಿ ಶುರುವಾಗುತ್ತದೆ. ಮೊದಲು ನೀಲಿ ನೀರಿನಲ್ಲಿ ಬಣ್ಣಬಣ್ಣದ ಮೀನುಗಳು ತೇಲುವ ವಿಡಿಯೊ ಬರುತ್ತದೆ: ‘ಇದು ಮಾಲ್ಡೀವ್ಸ್ ಅಲ್ಲ, ನಮ್ಮ ನೇತ್ರಾಣಿ, ಕನ್ನಡಿಗರಾಗಿದ್ದರೆ ಶೇರ್ ಮಾಡಿ.’ ಅದರ ಹಿಂದೆಯೇ ಎಚ್ಚರಿಕೆಗಳು. ಆಕ್ಸಿಜನ್ ಸಿಲಿಂಡರ್ ಖಾಲಿಯಾದರೆ ಮೇಲೆ ಬರುವುದೇ ಇಲ್ಲವಂತೆ. ಈಜು ಬಾರದವರು ಹೋಗಲೇಬಾರದಂತೆ. ಅಲ್ಲಿ ಶಾರ್ಕ್ ಇದೆಯಂತೆ.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು, ಕೆಲವು ಅರ್ಧ ನಿಜ. ಆದರೆ ನಮ್ಮ ಕಡೆಯಿಂದ ಹೋಗುವವರಿಗೆ ನಿಜವಾಗಿ ಬೇಕಾದ ಎರಡು ಎಚ್ಚರಿಕೆಗಳನ್ನು ನಾನು ಈವರೆಗೆ ಯಾವ ಫಾರ್ವರ್ಡ್‌ನಲ್ಲೂ ನೋಡಿಲ್ಲ. ಒಂದು, ವಾಪಸ್ ಬರುವಾಗ ಘಟ್ಟ ಹತ್ತುವುದರ ಬಗ್ಗೆ. ಇನ್ನೊಂದು, ದಡದಲ್ಲಿ ಮೊಣಕಾಲುದ್ದದ ನೀರಿನ ಬಗ್ಗೆ. ಅವೆರಡೂ ಕೊನೆಯಲ್ಲಿ ಬರುತ್ತವೆ. ಮೊದಲು ಜಾಗ ಯಾವುದು, ನೀರಿನೊಳಗೆ ಏನಾಗುತ್ತದೆ ಎಂಬುದು ತಿಳಿದಿರಲಿ.

ಹೃದಯದ ಆಕಾರದ ದ್ವೀಪ

ನೇತ್ರಾಣಿ ಇರುವುದು ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿನ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ಅರಬ್ಬಿ ಸಮುದ್ರದಲ್ಲಿ. ದೋಣಿಯಲ್ಲಿ ಒಂದು, ಒಂದೂವರೆ ಗಂಟೆ ಹಾದಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ ಕಾಣುತ್ತದೆ, ಇದಂತೂ ಎಡಿಟ್ ಮಾಡಿದ ಫೋಟೊ ಅಲ್ಲ. ಇಂಗ್ಲಿಷರ ನಕ್ಷೆಗಳಲ್ಲಿ ಇದರ ಹೆಸರು ಪಾರಿವಾಳ ದ್ವೀಪ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ತಮ್ಮ ಎಂಜಲಿನಿಂದಲೇ ಗೂಡು ಮಾಡುವ ಸ್ವಿಫ್ಟ್‌ಲೆಟ್ ಹಕ್ಕಿಗಳೂ ಬಂಡೆಯ ಗವಿಗಳಲ್ಲಿವೆ. ಒಂದು ಕಾಲದಲ್ಲಿ ನೌಕಾಪಡೆ ಈ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸುತ್ತಿತ್ತು, ಪರಿಸರದವರು ಅದನ್ನು ವಿರೋಧಿಸಿದ್ದರು. ‘ಅಲ್ಲಿ ಬಾಂಬ್ ಹಾಕುತ್ತಾರೆ’ ಎಂಬ ಹಳೆಯ ಮಾತಿನ ಮೂಲ ಅದು. ಡೈವಿಂಗ್‌ಗೆ ಹೋದವರು ದ್ವೀಪದ ಮೇಲೆ ಕಾಲಿಡುವುದಿಲ್ಲ. ದೋಣಿ ಪಕ್ಕದಲ್ಲಿ ಲಂಗರು ಹಾಕುತ್ತದೆ, ಅಲ್ಲಿಂದಲೇ ನೀರಿಗೆ.

2022ರ ಅಕ್ಟೋಬರ್ 28ರಂದು ತೆರೆಕಂಡ ‘ಗಂಧದಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಇಲ್ಲಿ ನೀರಿಗಿಳಿದದ್ದನ್ನು ನೋಡಿದ ಮೇಲೆ ಬಯಲುಸೀಮೆ, ಮಲೆನಾಡಿನ ಮನೆಮನೆಯಲ್ಲೂ ನೇತ್ರಾಣಿ ಗೊತ್ತಾಯಿತು. ಆ ಕುತೂಹಲವನ್ನು ನಕಲಿ ವಿಡಿಯೊ ಮಾಡುವವರೂ ಬಳಸಿಕೊಳ್ಳುತ್ತಾರೆ.

ನಿಮಗೆ ಬಂದ ವಿಡಿಯೊ ನಿಜಕ್ಕೂ ನೇತ್ರಾಣಿಯದೇ ಎಂದು ನೋಡಲು ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಬೇರೆ ದೇಶದ ವಿಡಿಯೊ ಆಗಿದ್ದರೆ ಬಹಳ ಸಲ ಮೂಲ ಸಿಕ್ಕಿಬಿಡುತ್ತದೆ. ಬಣ್ಣವನ್ನೂ ಗಮನಿಸಿ. ಸೂರ್ಯನ ಬೆಳಕಿನಲ್ಲಿರುವ ಕೆಂಪನ್ನು ನೀರು ಮೊದಲು ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಆಳಕ್ಕೆ ಹೋಗುವ ಹೊತ್ತಿಗೆ ಕೆಂಪು ಬಟ್ಟೆಯೂ ಕಂದು, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆ ಆಳದಲ್ಲಿ ಕುಂಕುಮದಂಥ ಕೆಂಪು, ಕಿತ್ತಳೆ ಕಂಡರೆ ಒಂದೋ ಬಲವಾದ ದೀಪ ಹಾಕಿದ್ದಾರೆ, ಇಲ್ಲ ಬಣ್ಣ ತಿದ್ದಿದ್ದಾರೆ. ಡೈವ್ ಮಾಡಿ ಬಂದವರು ‘ನನ್ನ ವಿಡಿಯೊ ಯಾಕೆ ಹೀಗೆ ಹಸಿರು ಹಸಿರಾಗಿದೆ, ಮೋಸ ಮಾಡಿದರಾ?’ ಎಂದು ಬೇಸರ ಮಾಡಿಕೊಳ್ಳುವುದುಂಟು. ಮೋಸ ಅಲ್ಲ, ನೀರಿನ ಗುಣವೇ ಅದು.

ಸಿಲಿಂಡರ್‌ನಲ್ಲಿ ಇರುವುದು ಏನು?

ಹೇಳಿಕೆ: ಸ್ಕೂಬಾ ಮಾಡುವವರು ಬೆನ್ನಿಗೆ ಆಕ್ಸಿಜನ್ ಸಿಲಿಂಡರ್ ಕಟ್ಟಿಕೊಳ್ಳುತ್ತಾರೆ. ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಇದು ತಪ್ಪು.

ಅದರಲ್ಲಿರುವುದು ನಾವು ಈಗ ಉಸಿರಾಡುತ್ತಿರುವ ಮಾಮೂಲಿ ಗಾಳಿ. ಸುಮಾರು ಶೇ 21 ಆಕ್ಸಿಜನ್, ಶೇ 78 ನೈಟ್ರೋಜನ್. ತೇವ ಮತ್ತು ಎಣ್ಣೆಯ ಅಂಶವನ್ನು ಸೋಸಿ, ಕಂಪ್ರೆಸರ್‌ನಿಂದ ಒತ್ತಿ ತುಂಬಿರುತ್ತಾರೆ. 12 ಲೀಟರ್ ಹಿಡಿಯುವ ಸಿಲಿಂಡರ್‌ಗೆ ವಾತಾವರಣದ ಒತ್ತಡಕ್ಕಿಂತ 200 ಪಟ್ಟು ಒತ್ತಿ ತುಂಬಿದರೆ ಸುಮಾರು 2400 ಲೀಟರ್ ಗಾಳಿ ಹಿಡಿಯುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ದಡದ ಮೇಲೆ ಕುಳಿತರೆ ಎರಡು ಗಂಟೆ ಸಾಕು. ಹತ್ತು ಮೀಟರ್ ಆಳದಲ್ಲಿ ಒಂದೇ ಗಂಟೆ, ಇಪ್ಪತ್ತು ಮೀಟರ್‌ನಲ್ಲಿ ನಲವತ್ತು ನಿಮಿಷ. ಯಾಕೆ ಹೀಗೆ ಎಂಬುದು ಮುಂದೆ ತಿಳಿಯುತ್ತದೆ. ಎಷ್ಟು ಉಳಿದಿದೆ ಎಂದು ತೋರಿಸುವ ಮೀಟರ್ ಇರುತ್ತದೆ, ಜೊತೆಗಿರುವ ತರಬೇತುದಾರರ ಬಳಿ ಇನ್ನೊಬ್ಬರಿಗೆ ಕೊಡಲೆಂದೇ ಎರಡನೆಯ ಮೌತ್‌ಪೀಸ್ ಇರುತ್ತದೆ. ಹೊಸಬರನ್ನು ನೀರಿನಲ್ಲಿಡುವುದು ಅರ್ಧ ಗಂಟೆಯ ಆಸುಪಾಸು. ‘ಖಾಲಿಯಾದರೆ ಸಾವೇ’ ಎಂಬ ಫಾರ್ವರ್ಡ್‌ಗೆ ಇಷ್ಟು ಸಾಕು.

ಹಾಗಾದರೆ ಶುದ್ಧ ಆಕ್ಸಿಜನ್ ತುಂಬಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಒತ್ತಡ ಹೆಚ್ಚಿದಂತೆ ಆಕ್ಸಿಜನ್ನೇ ವಿಷವಾಗುತ್ತದೆ. ಶುದ್ಧ ಆಕ್ಸಿಜನ್ ಉಸಿರಾಡುತ್ತ ಆರು ಮೀಟರ್‌ಗಿಂತ ಕೆಳಗೆ ಹೋದರೆ ನೀರಿನಲ್ಲೇ ಫಿಟ್ಸ್ ಬರುವ ಅಪಾಯವಿದೆ. ದೋಣಿಯಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ಬೇರೆಯಾಗಿ ಇರಬೇಕು, ಅದು ಮೇಲೆ ಬಂದವರಿಗೆ ತೊಂದರೆಯಾದರೆ ಕೊಡುವ ಪ್ರಥಮ ಚಿಕಿತ್ಸೆಗೆ. ದುಡ್ಡು ಕಟ್ಟುವ ಮೊದಲು ‘ದೋಣಿಯಲ್ಲಿ ಎಮರ್ಜೆನ್ಸಿ ಆಕ್ಸಿಜನ್ ಇದೆಯಾ?’ ಎಂದು ಕೇಳಿ. ರಿಯಾಯಿತಿ ಎಷ್ಟು ಎಂದು ಕೇಳುವುದಕ್ಕಿಂತ ಇದು ಮುಖ್ಯವಾದ ಪ್ರಶ್ನೆ. ಸಿಲಿಂಡರ್‌ನ ಗಾಳಿಯಲ್ಲಿ ಹೊಗೆಯ ಅಥವಾ ಎಣ್ಣೆಯ ವಾಸನೆ ಬಂದರೆ ನೀರಿಗಿಳಿಯುವ ಮೊದಲೇ ಹೇಳಿ. ಕಂಪ್ರೆಸರ್‌ಗೆ ಇಂಜಿನ್ ಹೊಗೆ ಸೇರಿದ್ದರೆ ಕಾರ್ಬನ್ ಮೋನಾಕ್ಸೈಡ್ ಕೂಡ ಒಳಗಿರಬಹುದು.

ಭದ್ರಾ ಡ್ಯಾಂ ಲೆಕ್ಕದಲ್ಲಿ ಒತ್ತಡ

ಪ್ರತಿ ಮಳೆಗಾಲದಲ್ಲೂ ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಎಷ್ಟು ಅಡಿ ಬಂತು ಎಂದು ನಾವು ಕ್ರಿಕೆಟ್ ಸ್ಕೋರ್ ಥರ ನೋಡುತ್ತೇವೆ. ಭರ್ತಿಯಾದರೆ 186 ಅಡಿ, ಅಂದರೆ ಹೆಚ್ಚುಕಡಿಮೆ 57 ಮೀಟರ್. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ಇಡೀ ವಾತಾವರಣದಷ್ಟು ಒತ್ತಡ ಸೇರುತ್ತ ಹೋಗುತ್ತದೆ. ಆ ಲೆಕ್ಕದಲ್ಲಿ ತುಂಬಿದ ಭದ್ರೆಯ ತಳದಲ್ಲಿ ಒತ್ತಡ ನಮ್ಮ ಅಂಗಳದಲ್ಲಿರುವುದಕ್ಕಿಂತ ಆರು ಪಟ್ಟಿಗೂ ಹೆಚ್ಚು. ಹವ್ಯಾಸಕ್ಕೆ ಡೈವ್ ಮಾಡುವವರ ಗರಿಷ್ಠ ಮಿತಿ 40 ಮೀಟರ್, ಮುರುಡೇಶ್ವರದ 123 ಅಡಿಯ ಶಿವನ ಮೂರ್ತಿಯನ್ನು ಪೂರ್ತಿ ಮುಳುಗಿಸಿ ಸ್ವಲ್ಪ ನೀರು ಮಿಗುವಷ್ಟು. ಮೊದಲ ಸಲ ಹೋಗುವವರನ್ನು 12 ಮೀಟರ್‌ಗಿಂತ ಕೆಳಗೆ ಒಯ್ಯುವ ಹಾಗಿಲ್ಲ.

ಹನ್ನೆರಡೇ ಮೀಟರ್ ತಾನೇ ಎನ್ನಬೇಡಿ. ದೇಹಕ್ಕೆ ಅತಿ ದೊಡ್ಡ ಬದಲಾವಣೆ ಆಗುವುದು ಮೊದಲ ಹತ್ತು ಮೀಟರ್‌ನಲ್ಲೇ. ಅಷ್ಟರಲ್ಲಿ ಒತ್ತಡ ಎರಡು ಪಟ್ಟಾಗಿ ಗಾಳಿಯ ಗಾತ್ರ ಅರ್ಧಕ್ಕಿಳಿಯುತ್ತದೆ. ಆಳದಲ್ಲಿ ಪ್ರತಿ ಉಸಿರಿಗೂ ಹೆಚ್ಚು ಗಾಳಿ ಬೇಕಾಗುವುದು, ಸಿಲಿಂಡರ್ ಬೇಗ ಮುಗಿಯುವುದು ಇದಕ್ಕೇ. ಕಿವಿಯ ಹಿಂದಿನ ಗಾಳಿಯೂ ಕುಗ್ಗಿ ತಮಟೆ ಒಳಕ್ಕೆ ಜಗ್ಗುತ್ತದೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಬಸ್ ಇಳಿಯುವಾಗ ಕಿವಿ ಕಟ್ಟಿದ ಹಾಗಾಗುತ್ತದಲ್ಲ, ಅದೇ, ಆದರೆ ಬಹಳ ಜೋರಾಗಿ. ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು, ನೋವು ಶುರುವಾಗುವ ಮೊದಲೇ, ಅರ್ಧರ್ಧ ಮೀಟರ್‌ಗೊಮ್ಮೆ. ಶೀತವಾಗಿ ಮೂಗು ಕಟ್ಟಿದ್ದರೆ ಇದು ಆಗುವುದಿಲ್ಲ. ‘ದುಡ್ಡು ಕಟ್ಟಿದ್ದೀವಿ, ಹಾಗೇ ಇಳಿದುಬಿಡೋಣ’ ಎಂದವರು ಕಿವಿ ತಮಟೆ ಹರಿದುಕೊಂಡು ಬರಬಹುದು.

ಇನ್ನೊಂದು ನಿಯಮವನ್ನು ಡೈವಿಂಗ್‌ನವರು ಎಲ್ಲಕ್ಕಿಂತ ಮೊದಲು ಹೇಳಿಕೊಡುತ್ತಾರೆ: ಉಸಿರು ಹಿಡಿಯಬೇಡಿ. ಕೆರೆಯಲ್ಲಿ ಮುಳುಗು ಹಾಕಿ ಬೆಳೆದ ನಮಗೆ ಇದೇ ಕಷ್ಟ. ಅಯ್ಯನಕೆರೆಯಲ್ಲಿ ಮುಳುಗುವಾಗ ದಡದಲ್ಲಿ ತುಂಬಿಕೊಂಡ ಗಾಳಿ ಒಳಗೆ ಕುಗ್ಗುತ್ತದೆ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ತೊಂದರೆ ಇಲ್ಲ. ಸ್ಕೂಬಾದಲ್ಲಿ ಆಳದಲ್ಲಿರುವಾಗಲೇ ಪುಪ್ಪಸದ ತುಂಬ ಗಾಳಿ ಎಳೆದುಕೊಂಡಿರುತ್ತೀರಿ. ಹತ್ತು ಮೀಟರ್‌ನಲ್ಲಿ ಉಸಿರು ಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡು ಪಟ್ಟು ಹಿಗ್ಗಲು ನೋಡುತ್ತದೆ. ಪುಪ್ಪಸ ಬಲೂನು ಅಲ್ಲ, ಹರಿಯುತ್ತದೆ. ಒಂದೂವರೆ ಮೀಟರ್ ಆಳದಿಂದ ಬಂದರೂ ಇದು ಆಗಬಹುದು. ಗಾಬರಿಯಾದಾಗ ಮನುಷ್ಯ ತಾನಾಗಿಯೇ ಉಸಿರು ಕಟ್ಟಿ ಮೇಲಕ್ಕೆ ಜಿಗಿಯುತ್ತಾನೆ. ಸ್ಕೂಬಾದಲ್ಲಿ ಪ್ರಾಣಕ್ಕೆ ಎರವಾಗುವುದು ಆ ಗಾಬರಿ.

ಈಜು ಬಾರದವರು ಹೋಗಬಹುದೇ?

ಅನುಭವಕ್ಕೆಂದು ಒಂದು ಸಲ ಮಾಡುವ ಡೈವ್‌ಗೆ ಈಜು ಬರಲೇಬೇಕೆಂಬ ನಿಯಮವಿಲ್ಲ. ತರಬೇತುದಾರರು ನಿಮ್ಮನ್ನು ಹಿಡಿದುಕೊಂಡೇ ಕರೆದೊಯ್ಯುತ್ತಾರೆ. ವಯಸ್ಸು ಕನಿಷ್ಠ ಹತ್ತು ತುಂಬಿರಬೇಕು. ಆದರೆ ಸರ್ಟಿಫಿಕೇಟ್ ಕೋರ್ಸ್ ಮಾಡಬೇಕೆಂದರೆ ಈಜು ಬೇಕು. ಪಾಡಿ ಎಂಬ ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯ ಓಪನ್ ವಾಟರ್ ಕೋರ್ಸ್‌ಗೆ 200 ಮೀಟರ್ ಈಜಿ, ಹತ್ತು ನಿಮಿಷ ತೇಲಿ ತೋರಿಸಬೇಕು. ಹಾಗಾಗಿ ಈ ಫಾರ್ವರ್ಡ್ ಅರ್ಧ ನಿಜ.

ಈಜಿಗಿಂತ ಮುಖ್ಯವಾದದ್ದು ಆರೋಗ್ಯದ ಫಾರಂ. ದೋಣಿ ಹತ್ತುವ ಮೊದಲು ಒಂದು ಹಾಳೆ ಕೊಡುತ್ತಾರೆ. ಉಬ್ಬಸ ಇದೆಯೇ, ಹೃದಯದ ತೊಂದರೆ, ಫಿಟ್ಸ್, ಕಿವಿಯ ಆಪರೇಷನ್, ಹಿಂದೆ ಟಿಬಿ ಆಗಿತ್ತೇ, ಗರ್ಭಿಣಿಯೇ. ನಮ್ಮ ಜನ ಎಲ್ಲಕ್ಕೂ ‘ಇಲ್ಲ’ ಎಂದು ಗೀಟು ಎಳೆದು ಸಹಿ ಹಾಕುತ್ತಾರೆ, ಬ್ಯಾಂಕಿನ ಫಾರಂಗೆ ಹಾಕುವ ಹಾಗೆ. ಕಂಪನಿಯವರನ್ನು ಕಾನೂನಿನಿಂದ ಕಾಪಾಡುವುದಕ್ಕಷ್ಟೇ ಇರುವ ಹಾಳೆ ಅದು ಎಂದುಕೊಂಡಿದ್ದರೆ ಅದು ತಪ್ಪು. ಉಬ್ಬಸ ಇದ್ದವರ ಪುಪ್ಪಸದಲ್ಲಿ ಗಾಳಿ ಒಂದು ಮೂಲೆಯಲ್ಲಿ ಸಿಕ್ಕಿಕೊಂಡರೆ ಮೇಲೆ ಬರುವಾಗ ಅಲ್ಲೇ ಹಿಗ್ಗಿ ಹರಿಯಬಹುದು. ಒಂದಕ್ಕಾದರೂ ‘ಹೌದು’ ಇದ್ದರೆ ಊರಿನಲ್ಲೇ ಡಾಕ್ಟರಿಗೆ ತೋರಿಸಿ, ಬರೆಸಿಕೊಂಡು ಹೋಗಿ.

ಹೊಸಬರಿಗೆ ಹೆಚ್ಚಾಗಿ ಕಾಡುವುದು ಇದ್ಯಾವುದೂ ಅಲ್ಲ, ದೋಣಿಯ ಓಲಾಟಕ್ಕೆ ಬರುವ ವಾಂತಿ. ಎರಡು ಇಡ್ಲಿಯಲ್ಲಿ ಬೆಳಗಿನ ತಿಂಡಿ ಮುಗಿಸಿ. ದೋಣಿಯಲ್ಲಿ ಮೊಬೈಲ್ ನೋಡದೆ ದೂರದ ದಿಗಂತ ನೋಡುತ್ತಿರಿ.

ಅಲ್ಲಿ ಯಾರು ಯಾರಿದ್ದಾರೆ

ನೇತ್ರಾಣಿ ಲಕ್ಷದ್ವೀಪದ ಹಾಗೆ ಹವಳವೇ ಕಟ್ಟಿದ ದ್ವೀಪವಲ್ಲ. ಇದು ಬಂಡೆ, ಅದರ ಮೈಮೇಲೆ ಹವಳ ಬೆಳೆದಿದೆ. ದಡದಿಂದ ದೂರವಿರುವುದರಿಂದ ಶರಾವತಿಯಂಥ ಹೊಳೆಗಳು ತರುವ ಕೆಸರು ಇಲ್ಲಿಗೆ ಅಷ್ಟಾಗಿ ಬರುವುದಿಲ್ಲ, ನೀರು ತಿಳಿಯಾಗಿರುತ್ತದೆ. (ನಮ್ಮ ಭದ್ರೆ, ವೇದಾವತಿಗಳ ನೀರು ಈ ಕಡಲಿಗೆ ಬರುವುದೇ ಇಲ್ಲ. ಅವು ತುಂಗಭದ್ರೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ.) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೈವಿಂಗ್ ಬಂದ್. ಅಲೆ, ಗಾಳಿಯಷ್ಟೇ ಕಾರಣವಲ್ಲ. ಮುಂಗಾರಿನಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ತಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ, ಸೂಕ್ಷ್ಮ ಸಸ್ಯಗಳು ಮೊಸರು ಕದಡಿದ ಹಾಗೆ ತುಂಬಿಕೊಳ್ಳುತ್ತವೆ, ಎದುರಿಗೆ ಕೈ ಚಾಚಿದರೂ ಕಾಣದಂತಾಗುತ್ತದೆ. ಬೂತಾಯಿ, ಬಂಗುಡೆ ಕೊಬ್ಬುವುದು ಅದರಿಂದಲೇ. ಸಂತೆಯಲ್ಲಿ ನೀವು ಕೊಳ್ಳುವ ಮೀನಿನ ರುಚಿಯ ಮೂಲ ಆ ಕದಡು ನೀರು.

ಅಕ್ಟೋಬರ್ ನಂತರ ಹೋದವರಿಗೆ ಚಿಟ್ಟೆಮೀನು, ಗಿಳಿಮೀನು, ಟ್ರಿಗರ್ ಮೀನು, ಬ್ಯಾರಕುಡಾ ಹಿಂಡು, ಬಂಡೆ ಸಂದಿಯಿಂದ ತಲೆ ಹಾಕುವ ಮೊರೇ ಈಲ್, ಅದೃಷ್ಟವಿದ್ದರೆ ಕಡಲಾಮೆ ಸಿಗುತ್ತವೆ. ಗಿಳಿಮೀನನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಹಲ್ಲುಗಳೆಲ್ಲ ಕೂಡಿ ಗಿಳಿಯ ಕೊಕ್ಕಿನಂತಾಗಿವೆ. ಅದರಿಂದ ಸತ್ತ ಹವಳವನ್ನೂ ಅದರ ಮೇಲಿನ ಪಾಚಿಯನ್ನೂ ಕೆರೆದು ತಿನ್ನುತ್ತದೆ, ಆ ಕರಕರ ಸದ್ದು ನೀರಿನಲ್ಲಿ ಕಿವಿಗೆ ಕೇಳುತ್ತದೆ. ಕಲ್ಲಿನ ಭಾಗವನ್ನು ನುಣ್ಣಗೆ ಅರೆದು ಹಿಂದಿನಿಂದ ಮರಳಾಗಿ ಬಿಡುತ್ತದೆ. ಮಾಲ್ಡೀವ್ಸ್‌ನ ಬಿಳಿ ಮರಳಿನ ದಂಡೆಗಳಲ್ಲಿ ದೊಡ್ಡ ಪಾಲು ಗಿಳಿಮೀನಿನ ಹೊಟ್ಟೆಯಿಂದ ಬಂದದ್ದು. ಕಾಲು ಚಾಚಿ ಸೆಲ್ಫಿ ತೆಗೆದುಕೊಳ್ಳುವವರಿಗೆ ಇದನ್ನು ಫಾರ್ವರ್ಡ್ ಮಾಡಬಹುದು.

ಇನ್ನು ಶಾರ್ಕ್. ಇದೆ. ರೆಕ್ಕೆಯ ತುದಿ ಕಪ್ಪಾಗಿರುವ ಬ್ಲ್ಯಾಕ್‌ಟಿಪ್ ರೀಫ್ ಶಾರ್ಕ್ ಇಲ್ಲಿ ಕಾಣಿಸಿಕೊಳ್ಳುತ್ತದೆ. ಮನುಷ್ಯನನ್ನು ಕಂಡರೆ ದೂರ ಸರಿಯುವ, ಮೀನು ತಿನ್ನುವ ಪ್ರಾಣಿ. ‘ದೈತ್ಯ ತಿಮಿಂಗಿಲ ದೋಣಿ ಮೇಲೆ ದಾಳಿ’ ಎಂಬ ವಿಡಿಯೊಗಳಲ್ಲಿ ಬಹಳ ಸಲ ತೋರಿಸುವುದು ಮೈತುಂಬ ಚುಕ್ಕಿಯಿರುವ ವೇಲ್ ಶಾರ್ಕ್. ಅದು ತಿಮಿಂಗಿಲವೂ ಅಲ್ಲ, ದಾಳಿಯೂ ಮಾಡುವುದಿಲ್ಲ. ಪ್ರಪಂಚದ ಅತಿ ದೊಡ್ಡ ಮೀನು ಅದು, ಬಾಯಿ ತೆರೆದು ನೀರನ್ನು ಸೋಸಿ ಸೂಕ್ಷ್ಮಜೀವಿಗಳನ್ನು, ಮರಿಮೀನುಗಳನ್ನು ತಿನ್ನುತ್ತದೆ. 2001ರಿಂದ ಭಾರತದಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಇದೆ.

ನೋವು ಕೊಡುವವು ಬೇರೆ, ಮತ್ತು ಅವು ಸುಮ್ಮನೆ ಕುಳಿತಿರುತ್ತವೆ. ಕಲ್ಲುಮೀನು ಹೆಸರಿಗೆ ತಕ್ಕಂತೆ ಕಲ್ಲಿನ ಹಾಗೇ ಇರುತ್ತದೆ, ತುಳಿದರೆ ಬೆನ್ನಿನ ಮುಳ್ಳಿನಿಂದ ವಿಷ. ಸಿಂಹಮೀನು ನೋಡಲು ಚಂದ, ಮುಳ್ಳಿನಲ್ಲಿ ವಿಷ. ಚುಚ್ಚಿದರೆ ಅರಿಶಿನ, ಸುಣ್ಣ ಹಚ್ಚುವ ಸಲಹೆಗಳನ್ನು ಬಿಟ್ಟುಬಿಡಿ. ತಡೆಯಬಲ್ಲಷ್ಟು ಬಿಸಿಯಾದ, ಸುಮಾರು 45 ಡಿಗ್ರಿ ನೀರಿನಲ್ಲಿ ಆ ಭಾಗವನ್ನು ಅರ್ಧದಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ಚರ್ಮ ಸುಡದಂತೆ ಇನ್ನೊಬ್ಬರು ಕೈ ಹಾಕಿ ಬಿಸಿ ನೋಡಲಿ. ಆಮೇಲೆ ಆಸ್ಪತ್ರೆ.

ಕಡಲ ಹಾವಿನ ಬಗ್ಗೆಯೂ ಒಂದು ಮಾತು. ಅವುಗಳ ವಿಷ ಜೋರು, ಆದರೆ ಕಚ್ಚುವುದು ಅಪರೂಪ. ಕಚ್ಚಿಸಿಕೊಳ್ಳುವವರು ಹೆಚ್ಚಾಗಿ ಬಲೆಯಿಂದ ಅವನ್ನು ಬಿಡಿಸುವ ಮೀನುಗಾರರು. ಬಾಲ ದೋಣಿಯ ಹುಟ್ಟಿನ ಹಾಗೆ ಚಪ್ಪಟೆಯಾಗಿದ್ದರೆ ಅದು ಕಡಲ ಹಾವು. ದಡದಲ್ಲಿ ಬಿದ್ದಿದ್ದರೂ ಕೋಲಿನಿಂದ ಕೆಣಕಿ ರೀಲ್ಸ್ ಮಾಡಬೇಡಿ. ನಮ್ಮ ಆಸ್ಪತ್ರೆಗಳಲ್ಲಿರುವ ಹಾವಿನ ಚುಚ್ಚುಮದ್ದನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷಕ್ಕೆಂದು ಮಾಡಿರುವುದು, ಕಡಲ ಹಾವಿಗಲ್ಲ.

‘ಹವಳ ಕಲ್ಲಲ್ವೇನೇ?’

ಅಜ್ಜಂಪುರದ ನಮ್ಮ ದೊಡ್ಡಮ್ಮ ಕೇಳಿದ ಪ್ರಶ್ನೆ ಇದು, ಅವರ ಉಂಗುರ ತೋರಿಸಿ. ಬಹಳ ಜನರ ಪ್ರಶ್ನೆಯೂ ಹೌದು. ಹವಳ ಪ್ರಾಣಿ. ಕಡಲೆಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಆದ ಸಾವಿರಾರು ಜೀವಿಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಸುತ್ತ ಸುಣ್ಣದ ಮನೆ ಕಟ್ಟುತ್ತವೆ. ನಾವು ಕಲ್ಲು ಎನ್ನುವುದು ಆ ಮನೆಯನ್ನು. ಅವುಗಳ ಮೈಯೊಳಗೆ ಪಾಚಿಯಂಥ ಸೂಕ್ಷ್ಮಜೀವಿಗಳು ಬಾಡಿಗೆಗಿವೆ, ಬಿಸಿಲಿನಿಂದ ಆಹಾರ ಮಾಡಿ ಬಾಡಿಗೆ ಕಟ್ಟುತ್ತವೆ. ನೀರು ತುಸು ಹೆಚ್ಚು ಬಿಸಿಯಾದರೆ ಹವಳ ಅವನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಹಾಗೆಯೇ ಉಳಿದರೆ ಹಸಿವಿನಿಂದ ಸಾಯುತ್ತದೆ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದಲ್ಲಿ ಹೀಗೆ ಆಗಿದ್ದನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ವರದಿ ಮಾಡಿತು.

ದೊಡ್ಡಮ್ಮನ ಉಂಗುರದ ಕೆಂಪು ಹವಳ ನೇತ್ರಾಣಿಯದ್ದಲ್ಲ. ಒಡವೆಯ ಹವಳ ಮುಖ್ಯವಾಗಿ ಮೆಡಿಟರೇನಿಯನ್ ಕಡಲಿನ ಬೇರೆ ಜಾತಿಯದು. ಇಲ್ಲಿನ ಬಂಡೆಗಳ ಮೇಲಿರುವ ಗಟ್ಟಿ ಹವಳಕ್ಕೆ, ಕಡಲ ಬೀಸಣಿಗೆಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಲಕ್ಕವಳ್ಳಿ ಕಾಡಿನ ಹುಲಿಯನ್ನು ಕಾಯುವ ಕಾಯ್ದೆಯೇ ಇದನ್ನೂ ಕಾಯುತ್ತದೆ. ನೆನಪಿಗೆಂದು ಒಂದು ತುಂಡು ಮುರಿದು ಚೀಲಕ್ಕೆ ಹಾಕಿಕೊಂಡರೆ ಅದು ಜೈಲು ಶಿಕ್ಷೆಯಾಗುವ ಅಪರಾಧ. ‘ಮೀನಿನ ತೊಟ್ಟಿಗೆ ಹವಳದ ಕಲ್ಲು ಇಟ್ಟರೆ ಲಕ್ಷ್ಮಿ’ ಎನ್ನುವ ಜಾಹೀರಾತು ಬಂದರೆ ಅಳಿಸಿಹಾಕಿ. ನೀರಿನಲ್ಲಿ ಮುಟ್ಟಲೂ ಬೇಡಿ. ಕೈಯ ಒಂದು ಒತ್ತಿಗೆ ಮುರಿಯುವುದು ಹತ್ತಾರು ವರ್ಷಗಳ ಬೆಳವಣಿಗೆ. ಅದರ ಗೀರು ನಿಮ್ಮ ಕೈಯಲ್ಲೂ ಬೇಗ ಮಾಯುವುದಿಲ್ಲ.

ಘಟ್ಟ ಹತ್ತುವ ಮೊದಲು ಗಡಿಯಾರ ನೋಡಿ

ಈಗ ನಮ್ಮ ಕಡೆಯವರಿಗೇ ವಿಶೇಷವಾದ ವಿಷಯ.

ಸೋಡಾ ಬಾಟಲಿಯ ಮುಚ್ಚಳ ಬಿಗಿಯಾಗಿರುವವರೆಗೆ ಗುಳ್ಳೆ ಕಾಣುವುದಿಲ್ಲ. ಅನಿಲ ಒತ್ತಡದಲ್ಲಿ ನೀರಿನೊಳಗೆ ಕರಗಿರುತ್ತದೆ. ತೆಗೆದ ಕೂಡಲೇ ಬುಸ್ ಎನ್ನುತ್ತದೆ. ಆಳದಲ್ಲಿ ಉಸಿರಾಡುವಾಗ ಗಾಳಿಯ ನೈಟ್ರೋಜನ್ ಹೀಗೆಯೇ ನಮ್ಮ ರಕ್ತ, ಮಾಂಸಖಂಡ, ಕೊಬ್ಬಿನೊಳಗೆ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಮೂಲಕ ಹೊರಹೋಗುತ್ತದೆ. ದೋಣಿಗೆ ಹತ್ತಿದ ಮೇಲೂ ಗಂಟೆಗಟ್ಟಲೆ ಸ್ವಲ್ಪ ಉಳಿದಿರುತ್ತದೆ. ಆ ಹೊತ್ತಿನಲ್ಲಿ ಸುತ್ತಲಿನ ಒತ್ತಡ ಇನ್ನೂ ಇಳಿದರೆ ಗುಳ್ಳೆಗಳಾಗಿ ಕೀಲಿನಲ್ಲಿ, ನರದಲ್ಲಿ ಕುಳಿತುಕೊಳ್ಳಬಹುದು. ಇದಕ್ಕೆ ಡಿಕಂಪ್ರೆಷನ್ ಕಾಯಿಲೆ ಎನ್ನುತ್ತಾರೆ.

ಡೈವ್ ಮಾಡಿ ಕೂಡಲೇ ವಿಮಾನ ಹತ್ತಬಾರದು ಎಂಬುದು ಇದಕ್ಕೇ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಎಂಬ ಸಂಸ್ಥೆಯ ಸಲಹೆ ಹೀಗಿದೆ: ಒಂದು ಸಾಧಾರಣ ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಡೈವ್ ಆದರೆ 18 ಗಂಟೆ ಕಾಯಬೇಕು. ಈ ಸಲಹೆ 2000ದಿಂದ 8000 ಅಡಿವರೆಗಿನ ಎತ್ತರದ ಒತ್ತಡಕ್ಕೆ, ಅಂದರೆ 610ರಿಂದ 2400 ಮೀಟರ್. ಬಹಳ ಜನ ‘ನಮಗೇನು, ನಾವು ಹೋಗುವುದು ಟೆಂಪೊ ಟ್ರಾವೆಲರ್‌ನಲ್ಲಿ’ ಎಂದು ಇಲ್ಲಿಗೇ ಓದು ನಿಲ್ಲಿಸುತ್ತಾರೆ.

ದೇಹಕ್ಕೆ ವಿಮಾನ ಯಾವುದು, ಬೆಟ್ಟ ಯಾವುದು ಎಂದು ಗೊತ್ತಾಗುವುದಿಲ್ಲ, ಒತ್ತಡ ಮಾತ್ರ ಗೊತ್ತಾಗುತ್ತದೆ. ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಡೂರು ಸುಮಾರು 760, ಅಜ್ಜಂಪುರವೂ ಅದೇ ಆಸುಪಾಸು. ನಮ್ಮ ಮನೆಯೇ ಆ ಪಟ್ಟಿಯೊಳಗೆ ಬರುತ್ತದೆ. ಇಲ್ಲಿ ಗಾಳಿಯ ಒತ್ತಡ ಮುರುಡೇಶ್ವರಕ್ಕಿಂತ ಶೇ 8ರಷ್ಟು ಕಡಿಮೆ. ಕೆಮ್ಮಣ್ಣುಗುಂಡಿ 1434 ಮೀಟರ್, ಅಲ್ಲಿ ಶೇ 16ರಷ್ಟು ಕಡಿಮೆ. ಮುಳ್ಳಯ್ಯನಗಿರಿ 1930 ಮೀಟರ್, ಶೇ 20ರಷ್ಟು ಕಡಿಮೆ. ಹಾರುವ ವಿಮಾನದ ಒಳಗಿನ ಒತ್ತಡಕ್ಕೆ ಅದು ಹೆಚ್ಚು ದೂರವೇನಲ್ಲ. ಭಾನುವಾರ ಬೆಳಿಗ್ಗೆ ನೇತ್ರಾಣಿ, ಮಧ್ಯಾಹ್ನ ಊಟ, ರಾತ್ರಿಯಿಡೀ ಪ್ರಯಾಣ, ಸೂರ್ಯೋದಯಕ್ಕೆ ಮುಳ್ಳಯ್ಯನಗಿರಿ ಎಂಬ ಪ್ಯಾಕೇಜ್ ನಮ್ಮ ಹುಡುಗರಿಗೆ ಬಲು ಇಷ್ಟ. ಎರಡು ಡೈವ್ ಮಾಡಿದ್ದರೆ 18 ಗಂಟೆಯ ಲೆಕ್ಕಕ್ಕೆ ಅದು ತೀರಾ ಇಕ್ಕಟ್ಟು.

ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಹತ್ತು ಮೀಟರ್‌ನಲ್ಲಿ ಅರ್ಧ ಗಂಟೆ ಇದ್ದು ಬಂದ ಹೊಸಬರ ದೇಹದಲ್ಲಿ ಸೇರುವ ನೈಟ್ರೋಜನ್ ಸ್ವಲ್ಪವೇ, ಅಪಾಯವೂ ಬಹಳ ಕಡಿಮೆ. ಆದರೆ ಕೋರ್ಸ್ ಮಾಡುತ್ತ ದಿನಕ್ಕೆ ಎರಡು ಮೂರು ಸಲ, 18 ಮೀಟರ್‌ವರೆಗೆ ಇಳಿದವರ ಲೆಕ್ಕ ಬೇರೆ. ಉಪಾಯ ಸುಲಭ: ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ, ದೇವರ ದರ್ಶನವನ್ನು ಸಂಜೆಗೆ ಇಟ್ಟುಕೊಳ್ಳಿ. ಬೆಟ್ಟವೂ ಬೇಕು, ಕಡಲೂ ಬೇಕು ಎಂದರೆ ಮೊದಲು ಬೆಟ್ಟ, ಆಮೇಲೆ ಕಡಲು. ಅಂದು ರಾತ್ರಿ ಪಾರ್ಟಿ ಬೇಡ, ಮದ್ಯದ ಮತ್ತಿನಲ್ಲಿ ಕಾಯಿಲೆಯ ಲಕ್ಷಣ ಗೊತ್ತೇ ಆಗುವುದಿಲ್ಲ.

ಊರಿಗೆ ಬಂದ ಮೇಲೆ ಭುಜ, ಮೊಣಕೈ, ಮೊಣಕಾಲಿನಲ್ಲಿ ಕಾರಣವಿಲ್ಲದ ನೋವು, ಕೈಕಾಲು ಜೋಮು, ತಲೆಸುತ್ತು, ಚರ್ಮದ ಮೇಲೆ ಗೆರೆಗೆರೆ ಕಲೆ, ವಿಪರೀತ ಸುಸ್ತು ಕಂಡರೆ, ಅದೂ ಡೈವ್ ಆಗಿ 24 ಗಂಟೆಯೊಳಗೆ, ‘ಬಸ್ಸಿನಲ್ಲಿ ಕೂತು ಹಿಡಿದುಕೊಂಡಿದೆ’ ಎಂದು ಮುಲಾಮು ಹಚ್ಚಿ ಮಲಗಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಮೊದಲ ಮಾತಾಗಿ ‘ಡಾಕ್ಟ್ರೇ, ನಿನ್ನೆ ಸ್ಕೂಬಾ ಮಾಡಿದ್ದೆ’ ಎಂದು ಹೇಳಿ. ಕಡಲಿನಿಂದ ಇನ್ನೂರು, ಇನ್ನೂರೈವತ್ತು ಕಿಲೋಮೀಟರ್ ದೂರದ ಊರಿನಲ್ಲಿ ನೀವು ಹೇಳದೆ ಅದು ಯಾರ ತಲೆಗೂ ಹೊಳೆಯುವುದಿಲ್ಲ. ಮೊದಲ ಚಿಕಿತ್ಸೆ ಶುದ್ಧ ಆಕ್ಸಿಜನ್, ಅದು ನಮ್ಮ ಆಸ್ಪತ್ರೆಗಳಲ್ಲೂ ಸಿಗುತ್ತದೆ. ಆಮೇಲೆ ಒತ್ತಡದ ಕೋಣೆ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಬಹುದು.

ದಡದ ನೀರು

2024ರ ಡಿಸೆಂಬರ್ 10ರಂದು ಮುರುಡೇಶ್ವರದ ದಡದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರು ಸ್ಕೂಬಾಕ್ಕೆ ಹೋಗಿರಲಿಲ್ಲ, ದೋಣಿಯನ್ನೂ ಹತ್ತಿರಲಿಲ್ಲ. ನಮ್ಮ ತಾಲ್ಲೂಕುಗಳ ಶಾಲೆಗಳೂ ಅದೇ ಡಿಸೆಂಬರ್‌ನಲ್ಲಿ, ಅದೇ ಹಾದಿಯಲ್ಲಿ ಪ್ರವಾಸ ಹೊರಡುತ್ತವೆ.

ಸ್ಕೂಬಾಕ್ಕೆ ಹೋದವನ ಪಕ್ಕದಲ್ಲಿ ತರಬೇತುದಾರ, ಮೈಮೇಲೆ ತೇಲುವ ಜಾಕೆಟ್, ಕಣ್ಣಿಗೆ ಮಾಸ್ಕ್ ಇರುತ್ತದೆ. ದಡದಲ್ಲಿ ಫೋಟೊಗೆ ನಿಂತವರಿಗೆ ಏನೂ ಇರುವುದಿಲ್ಲ. ಕೆರೆಯ ನೀರು ನಿಂತಲ್ಲೇ ನಿಂತಿರುತ್ತದೆ. ಭದ್ರಾ ನಾಲೆಯ ನೀರು ಹರಿಯುತ್ತದೆ, ಎತ್ತ ಹರಿಯುತ್ತದೆ ಎಂದು ಕಣ್ಣಿಗೆ ಕಾಣುತ್ತದೆ. ಕಡಲಿನಲ್ಲಿ ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಕ್ಕೆ ಹೋಗಲು ಒಂದು ಕಿರಿದಾದ ಓಣಿ ಹುಡುಕಿಕೊಳ್ಳುತ್ತದೆ, ಆ ಓಣಿಯಲ್ಲಿ ಹೊಳೆಯ ಹಾಗೆ ಒಳಕ್ಕೆ ನುಗ್ಗುತ್ತದೆ. ರಿಪ್ ಕರೆಂಟ್ ಎಂದರೆ ಇದೇ. ಜೋರಾದಾಗ ಸೆಕೆಂಡಿಗೆ ಎರಡು ಮೀಟರ್‌ಗೂ ಹೆಚ್ಚು ವೇಗ, ಒಲಿಂಪಿಕ್ ಈಜುಗಾರನಿಗೂ ಎದುರು ಈಜಲಾಗದು. ಹೊಸಬರ ಕಣ್ಣಿಗೆ ಆ ಓಣಿಯೇ ಸುರಕ್ಷಿತವಾಗಿ ಕಾಣುತ್ತದೆ, ಏಕೆಂದರೆ ಅಕ್ಕಪಕ್ಕದಲ್ಲಿ ಬಿಳಿ ನೊರೆಯ ಅಲೆ ಒಡೆಯುತ್ತಿರುವಾಗ ಅಲ್ಲಿ ಮಾತ್ರ ಅಲೆ ಇರುವುದಿಲ್ಲ, ನೀರು ಸ್ವಲ್ಪ ಕಪ್ಪಗೆ ಶಾಂತವಾಗಿರುತ್ತದೆ.

‘ಕಡಲು ಕಾಲು ಹಿಡಿದು ಕೆಳಗೆ ಎಳೆಯುತ್ತದೆ’ ಎನ್ನುವುದು ನಿಜವಲ್ಲ. ಅದು ಹೊರಕ್ಕೆ ಒಯ್ಯುತ್ತದೆ, ಕೆಳಕ್ಕಲ್ಲ. ಸಿಕ್ಕಿಕೊಂಡವರು ಮುಳುಗುವುದು ದಡದ ಕಡೆ ನೇರವಾಗಿ ಈಜಲು ಹೋಗಿ ಸುಸ್ತಾಗಿ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಂದರೆ ಅಲೆಗಳೇ ವಾಪಸ್ ತರುತ್ತವೆ. ಈಜು ಬಾರದಿದ್ದರೆ ಅಂಗಾತ ತೇಲಿ, ಒಂದು ಕೈ ಎತ್ತಿ ಬೀಸುತ್ತಿರಿ. ಮುಳುಗುತ್ತಿರುವವರನ್ನು ಹಿಡಿಯಲು ಕೈ ಕೈ ಹಿಡಿದು ಸಾಲಾಗಿ ಇಳಿಯಬೇಡಿ, ಒಂದು ಅಲೆಗೆ ಇಡೀ ಸಾಲು ಹೋಗುತ್ತದೆ. ಎಸೆಯಲು ಏನು ಸಿಗುತ್ತದೆ ನೋಡಿ: ಹಗ್ಗ, ಮುಚ್ಚಳ ಹಾಕಿದ ಖಾಲಿ ಕ್ಯಾನ್, ಐಸ್‌ಬಾಕ್ಸ್. ಲೈಫ್‌ಗಾರ್ಡ್‌ನನ್ನು ಕೂಗಿ, 112ಕ್ಕೆ ಕರೆ ಮಾಡಿ. ಕೆಂಪು ಬಾವುಟ ಹಾರುತ್ತಿದ್ದರೆ ಪಾದ ತೋಯಿಸಲೂ ಇಳಿಯಬೇಡಿ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಬಸ್ಸಿನಿಂದ ಇಳಿದ ಕೂಡಲೇ ಮೊದಲು ಲೈಫ್‌ಗಾರ್ಡ್‌ನ ಹತ್ತಿರ ಹೋಗಿ, ಇವತ್ತು ಯಾವ ಕಡೆ ಸೆಳೆತ ಇದೆ ಎಂದು ಕೇಳಲಿ. ಅವರಿಗೆ ಗೊತ್ತಿರುತ್ತದೆ, ಬೆರಳು ಮಾಡಿ ತೋರಿಸುತ್ತಾರೆ.